ಮೋಟಾರು ಪಂದ್ಯಕ್ಕೆ ಬಯಲು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆ ತೆರಬಂಡಿಯ ಪಂದ್ಯವೆಂದರೆ ಬಯಲಿನ ಮಾತು. ಮೋಟಾರಿನವರಿಗೆ ಈ ವಿವೇಕ ತಡವಾಗಿ ಬಂತು. 1903ರಲ್ಲಿ ಪ್ಯಾರಿಸಿನಿಂದ ಮ್ಯಾಡ್ರಿಡ್ಡಿಗೆ ಹೆದ್ದಾರಿಯ ಮೇಲೆಯೇ ಪಂದ್ಯ ಹೂಡಿದರು. ಓಡಿಸುವವರಷ್ಟೇ ಅಲ್ಲ, ದಾರಿಬದಿಯಲ್ಲಿ ನೋಡುತ್ತ ನಿಂತವರೂ ಸತ್ತರು. ಬೋರ್ಡೋ ಪಟ್ಟಣದಲ್ಲೇ ಪಂದ್ಯವನ್ನು ನಿಲ್ಲಿಸಬೇಕಾಯಿತು. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಪಂದ್ಯಕ್ಕೆಂದೇ ಕಾಂಕ್ರೀಟಿನ ಪಥವಾಯಿತು.

ಹವ್ಯಾಸಿಗಳಿಗೆ ಬಯಲು ಒದಗಿಸಿದ್ದು ಮಾತ್ರ, ವಿಚಿತ್ರ ನೋಡಿ, ಯುದ್ಧ! ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬರಿದಾದ ವಿಮಾನನೆಲೆಗಳಲ್ಲಿ ಪಂದ್ಯಗಳು ನಡೆದವು: 1948ರಲ್ಲಿ ಸಿಲ್ವರ್‌ಸ್ಟೋನಿನಲ್ಲಿ, ಅನಂತರ ನಮ್ಮ ಮದರಾಸಿನ ಬಳಿಯ ಶೋಳವರಂನಲ್ಲಿ. 1953ರಲ್ಲಿ ಹುಟ್ಟಿದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಸ್ವಂತ ಪಥ ತೆರೆಯಿತು. ವೇಗದ ಹುಚ್ಚುಳ್ಳ ನಮ್ಮ ಹುಡುಗರು ಮುಧೋಳದ ರಸ್ತೆಯನ್ನು ಬಿಟ್ಟು ಅಂಥಲ್ಲಿಗೇ ಹೋಗಲಿ. ಅಲ್ಲಿ ಬ್ರೇಕನ್ನೂ ಶಿರಸ್ತ್ರಾಣವನ್ನೂ ಪರೀಕ್ಷಿಸಿಯೇ ಒಳಗೆ ಬಿಡುತ್ತಾರೆ.