ಅರ್ಜಿಯ ಇಂಗ್ಲಿಷ್: ಅಂದು, ಇಂದು

ಸರ್ಕಾರಿ ನೌಕರಿ ಕೆಲವರಿಗಷ್ಟೇ ಸಿಗುತ್ತಿದೆ ಎಂಬ ದೂರಿನ ಮೇಲೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ಇಂಗ್ಲಿಷ್ ಬಲ್ಲವರು ನೂರಕ್ಕೆ 5ಕ್ಕಿಂತ ಕಡಿಮೆ ಇದ್ದ ಸಮುದಾಯಗಳನ್ನು ಸಮಿತಿ ಹಿಂದುಳಿದವು ಎಂದಿತು. ನೌಕರಿಯ ಬಾಗಿಲಿಗೆ ಆಗಲೇ ಇಂಗ್ಲಿಷಿನ ಬೀಗ ಬಿದ್ದಿತ್ತು.

ಆ ಬೀಗ ತೆಗೆಯಲು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮವರು ಮೇಷ್ಟ್ರ ಹತ್ತಿರ, ಟೈಪಿಂಗ್‌ನವರ ಹತ್ತಿರ, ಆಮೇಲೆ ಸೈಬರ್ ಸೆಂಟರಿನಲ್ಲಿ ಅರ್ಜಿ ಬರೆಸಿದರು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಈಗ ಇಂಗ್ಲಿಷ್ ಅರ್ಜಿ, ಬಯೋಡೇಟಾ ಮೊಬೈಲಿನಲ್ಲೇ ಸಿದ್ಧ.

ಒಳ್ಳೆಯದೇ. ಆದರೆ ಮೇಷ್ಟ್ರು ‘ಏನು ಓದಿದ್ದೀಯಪ್ಪಾ, ಎಲ್ಲಿ ಕೆಲಸ ಮಾಡಿದ್ದೀಯ?’ ಎಂದು ಕೇಳಿ ಬರೆಯುತ್ತಿದ್ದರು. ಎಐ ಕೇಳದೆಯೂ ತುಂಬಿಬಿಡಬಹುದು: ಮಾಡದ ಕೆಲಸ, ಬಾರದ ಕಂಪ್ಯೂಟರ್. ಇಂಟರ್‌ವ್ಯೂನಲ್ಲಿ ಉತ್ತರ ಹೇಳಬೇಕಾದವರು ನೀವೇ. ಕಳಿಸುವ ಮುಂಚೆ ಒಂದೊಂದು ಸಾಲಿನ ಅರ್ಥವನ್ನೂ ಕನ್ನಡದಲ್ಲಿ ಕೇಳಿಕೊಳ್ಳಿ, ನಿಮ್ಮದಲ್ಲದ್ದನ್ನು ಅಳಿಸಿ.