ದೇವರ ಗಂಟು ಮತ್ತು ಸರ್ಕಾರದ ಪಟ್ಟಿ: ನರಿಕುರವರು, ಹಕ್ಕಿಪಿಕ್ಕಿಗಳು, ಶಾನಿಗಳು

ಚೆನ್ನೈನ ಪ್ಯಾರೀಸ್ ಕಾರ್ನರ್ ದಾಖಲೆಗಳಿಗೆ ಬರವಿಲ್ಲದ ಜಾಗ. 1788ರಲ್ಲಿ ಮದರಾಸಿಗೆ ಬಂದಿಳಿದ ವ್ಯಾಪಾರಿ ಥಾಮಸ್ ಪ್ಯಾರಿಯ ಹೆಸರು ಆ ಮೂಲೆಗೆ ಅಂಟಿಕೊಂಡಿದೆ. ಅವನ ಕಂಪನಿಯ ಕಟ್ಟಡವಾದ ಡೇರ್ ಹೌಸ್ ಪಾಲುದಾರನೊಬ್ಬನ ಹೆಸರನ್ನು ಉಳಿಸಿದೆ. ಕೋಟೆಯ ಮುಂದಿನ ಬಯಲಿಗೆ ಎಲ್ಲೆ ಗುರುತಿಸಲು 1773ರಲ್ಲಿ ನೆಟ್ಟ ಕಂಬಗಳಲ್ಲಿ ಒಂದು ಇಂದಿಗೂ ಅಲ್ಲಿಯೇ ನಿಂತಿದೆ. ಆದರೆ ಅದೇ ಕೂಡುರಸ್ತೆಯ ಪಾದಚಾರಿ ದಾರಿಯಲ್ಲಿ, ಬ್ರಾಡ್‌ವೇ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಮಣಿಸರ ಹರಡಿಕೊಂಡು ಕೂರುವ ನರಿಕುರವರ ಬಗ್ಗೆ ಯಾವ ಕಲ್ಲೂ ಏನೂ ಹೇಳುವುದಿಲ್ಲ. ಕರ್ನಾಟಕದಲ್ಲಿ ನಾವು ಹಕ್ಕಿಪಿಕ್ಕಿ ಎಂದು ಕರೆಯುವ ಸಮುದಾಯದ ಬಂಧುಗಳು ಇವರು. ನೆಲದ ಹಕ್ಕುಪತ್ರವಿಲ್ಲದ, ರಾಜಧಾನಿಯಿಲ್ಲದ ಇಂಥ ಜನ ತಮ್ಮನ್ನು ಒಂದು ಕುಲವೆಂದು ಹೇಗೆ ಕಾಯ್ದುಕೊಂಡರು ಎಂಬುದು ಈ ಲೇಖನದ ಪ್ರಶ್ನೆ. ಇದಕ್ಕೆ ಹೋಲಿಕೆಯಾಗಿ ಉತ್ತರ ಅಮೆರಿಕದ ಶಾನಿ ಜನರ ಚರಿತ್ರೆಯನ್ನು ಎದುರಿಗಿಟ್ಟುಕೊಂಡಿದ್ದೇನೆ.

ಹೊರಗಿನವರು ಕೊಟ್ಟ ಹೆಸರುಗಳು

ಈ ಜನ ತಮ್ಮನ್ನು ‘ವಾಗ್ರಿ’ ಎಂದು ಕರೆದುಕೊಳ್ಳುತ್ತಾರೆ. ತಮಿಳರಿಗೆ ಅವರು ನರಿಕುರವರು ಅಥವಾ ಕುರುವಿಕಾರರು, ತೆಲುಗರಿಗೆ ನಕ್ಕಲವಾರು, ಕನ್ನಡಿಗರಿಗೆ ಹಕ್ಕಿಪಿಕ್ಕಿಗಳು. ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಕೋಶದಲ್ಲಿ ‘ಕುರುವಿಕ್ಕಾರನ್’ ಎಂಬ ನಮೂದಿದೆ. ಅದು ಇವರನ್ನು ಮರಾಠಿ ಆಡುವ, ಹಕ್ಕಿ ಹಿಡಿಯುವ, ನರಿ ಬೇಟೆಯಾಡುವ ಜನವೆಂದು ವರ್ಣಿಸುತ್ತದೆ. ಭಾಷೆಯ ಬಗ್ಗೆ ಥರ್ಸ್ಟನ್ ಹೇಳಿದ್ದು ನಿಲ್ಲುವುದಿಲ್ಲ. ವಾಗ್ರಿ ಬೋಲಿ ಗುಜರಾತಿಗೆ ಹತ್ತಿರವಾದ, ಆದರೆ ತಲೆಮಾರುಗಳಿಂದ ದ್ರಾವಿಡ ನುಡಿಗಳ ನಡುವೆ ಬದುಕಿದ ಇಂಡೋ–ಆರ್ಯನ್ ಭಾಷೆ. ಜಿ. ಶ್ರೀನಿವಾಸ ವರ್ಮ ಅವರು ಇದರ ವ್ಯಾಕರಣವನ್ನು ಅಧ್ಯಯನ ಮಾಡಿದ ಗ್ರಂಥವನ್ನು 1970ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯ ಪ್ರಕಟಿಸಿತು.

ಹಕ್ಕಿಪಿಕ್ಕಿಗಳಲ್ಲಿ ಗುಜರಾತಿಯಾ, ಪನ್ವಾರ್, ಕಾಳಿವಾಲ, ಮೇವಾಡ ಎಂಬ ಬೆಡಗುಗಳಿವೆ. ಒಂದೇ ಬೆಡಗಿನೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ರಾಣಾ ಪ್ರತಾಪನ ಕಾಲದ ಯುದ್ಧಗಳಲ್ಲಿ ಚದುರಿ ದಕ್ಷಿಣಕ್ಕೆ ಬಂದೆವು ಎಂದು ಹಿರಿಯರು ಹೇಳುವುದುಂಟು. ಇದನ್ನು ಇತಿಹಾಸವೆಂದು ಒಪ್ಪಲು ಲಿಖಿತ ಆಧಾರ ಸಾಲದು. ಆದರೆ ಬೆಡಗಿನ ಹೆಸರುಗಳೂ ಭಾಷೆಯ ಸ್ವರೂಪವೂ ಪಶ್ಚಿಮ ಭಾರತದತ್ತಲೇ ಬೊಟ್ಟು ಮಾಡುತ್ತವೆ.

ದೇವಿಯ ಗಂಟು

ವಾಗ್ರಿಗಳ ಧರ್ಮದ ಕೇಂದ್ರ ಗುಡಿಯಲ್ಲ, ಗಂಟು. ಪ್ರತಿ ವಂಶಕ್ಕೂ ತನ್ನದೇ ದೇವಿಯಿದ್ದಾಳೆ. ಅವಳಿಗೆ ಸೇರಿದ ಬಟ್ಟೆಗಳು ಮೂಟೆಯೊಂದರಲ್ಲಿ ತಂದೆಯಿಂದ ಮಗನಿಗೆ ಇಳಿದು ಬರುತ್ತವೆ. ಬಲಿಯ ರಕ್ತ ಸೋಕಿದ ಆ ಬಟ್ಟೆಗಳೇ ಪೂಜಾವಸ್ತು. ಹಬ್ಬದ ಹೊತ್ತಿನಲ್ಲಲ್ಲದೆ ಮೂಟೆಯನ್ನು ಬಿಚ್ಚುವುದಿಲ್ಲ, ಹೊರಗಿನವರು ಮುಟ್ಟುವಂತಿಲ್ಲ. ಕುರಿ–ಮೇಕೆ ಕೊಡುವವರು, ಎಮ್ಮೆ–ಕೋಣ ಕೊಡುವವರು ಎಂಬ ಒಳವಿಂಗಡಣೆಯೂ ಬಲಿಯ ಪದ್ಧತಿಯಿಂದಲೇ ಹುಟ್ಟಿದ್ದು. ಯಾವ ಗಂಟಿಗೆ ಸೇರಿದವನು ಎಂಬುದು ತಿಳಿದರೆ ಅವನ ವಂಶ, ನಂಟಸ್ತಿಕೆ, ಮದುವೆಯ ಸಾಧ್ಯತೆ ಎಲ್ಲವೂ ತಿಳಿದಂತೆ. ಹಿರಿಯ ಮಗ ಕೂದಲು ಕತ್ತರಿಸಬಾರದೆಂಬ ಹಳೆಯ ಕಟ್ಟಳೆಯೂ, ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡುವ ರೂಢಿಯೂ ಇದೇ ವಂಶಕ್ರಮದ ಭಾಗ.

ಶಾನಿಗಳನ್ನು ಇಲ್ಲಿ ನೆನೆಯಬೇಕು. ಅಲ್ಗಾಂಕಿಯನ್ ಭಾಷಾಕುಟುಂಬಕ್ಕೆ ಸೇರಿದ ಈ ಜನರ ನೆಲೆ ಓಹಾಯೊ ನದಿಯ ಕಣಿವೆ. ಆದರೂ ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಅವರ ಗುಂಪುಗಳು ಸವಾನಾ ನದಿಯಿಂದ ಪೆನ್ಸಿಲ್ವೇನಿಯಾದವರೆಗೆ, ಅಲಬಾಮಾದವರೆಗೆ ಚದುರಿದ್ದವು. ಅವರಲ್ಲಿ ಚಲಗಾಥಾ, ಥವಿಕಿಲಾ, ಮೆಕೋಚೆ, ಪೆಕೊವಿ, ಕಿಸ್ಪೊಕೊ ಎಂಬ ಐದು ವಿಭಾಗಗಳು. ಮೊದಲ ಎರಡಕ್ಕೆ ಆಡಳಿತ, ಮೆಕೋಚೆಗೆ ಔಷಧ, ಪೆಕೊವಿಗೆ ಆಚರಣೆ, ಕಿಸ್ಪೊಕೊಗೆ ಯುದ್ಧ ಎಂದು ಹೊಣೆ ಹಂಚಿಕೆಯಾಗಿತ್ತು. ವಿಭಾಗಗಳಿಗೆ ತಮ್ಮದೇ ಪವಿತ್ರ ಗಂಟುಗಳಿದ್ದವು. ಅವನ್ನು ಕಾಯಲು ನಿಯುಕ್ತ ವ್ಯಕ್ತಿಗಳಿದ್ದರು. ಅವರ ಸೃಷ್ಟಿದೇವತೆಯೂ ಹೆಣ್ಣೇ, ಕೊಕೊಮ್ಥೆನಾ ಎಂಬ ಅಜ್ಜಿ. ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ ನಡೆಯುವ ರೊಟ್ಟಿ ಕುಣಿತ ಅವಳಿಗೆ ಸಲ್ಲುವ ಕೃತಜ್ಞತೆ.

ಈ ಹೋಲಿಕೆಯಿಂದ ರಕ್ತಸಂಬಂಧವನ್ನಾಗಲಿ ಪ್ರಭಾವವನ್ನಾಗಲಿ ಊಹಿಸಬೇಕಾಗಿಲ್ಲ. ಚಲಿಸುವ ಸಮಾಜಕ್ಕೆ ಹೊತ್ತೊಯ್ಯಬಲ್ಲ ದೇವರು ಬೇಕು, ಕಂಠಸ್ಥವಾದ ವಂಶಾವಳಿ ಬೇಕು. ಎರಡು ಖಂಡಗಳಲ್ಲಿ ಒಂದೇ ಅಗತ್ಯಕ್ಕೆ ಒಂದೇ ಬಗೆಯ ಪರಿಹಾರ ಒದಗಿದೆ.

ಒಪ್ಪಂದ ಮತ್ತು ಕಾಯಿದೆ

ಇಬ್ಬರ ದಾರಿ ಬೇರೆಯಾಗುವುದು ಪ್ರಭುತ್ವದ ಎದುರು ನಿಂತಾಗ. ಶಾನಿಗಳ ಜೊತೆ ಅಮೆರಿಕ ಸರ್ಕಾರ ಒಪ್ಪಂದ ಮಾಡಿಕೊಂಡಿತು, ಆ ಒಪ್ಪಂದಗಳ ಮೂಲಕವೇ ಅವರ ನೆಲ ಕಳೆಯಿತು. 1795ರ ಗ್ರೀನ್‌ವಿಲ್ ಒಪ್ಪಂದ ಓಹಾಯೊದ ಬಹುಭಾಗವನ್ನು ಬಿಟ್ಟುಕೊಡಿಸಿತು. 1809ರ ಫೋರ್ಟ್ ವೇನ್ ಒಪ್ಪಂದವನ್ನು ಒಪ್ಪದ ಶಾನಿ ನಾಯಕ ಟೆಕಮ್ಸೆ, ನೆಲ ಎಲ್ಲ ಕುಲಗಳಿಗೂ ಸೇರಿದ್ದು, ಒಬ್ಬಿಬ್ಬರು ಮಾರಲು ಬಾರದು ಎಂದು ವಾದಿಸಿ ಹಲವು ಬುಡಕಟ್ಟುಗಳ ಒಕ್ಕೂಟ ಕಟ್ಟಿದ. ಅವನ ತಮ್ಮ ಟೆನ್ಸ್‌ಕ್ವಟಾವಾ ಆ ಚಳವಳಿಯ ಧರ್ಮಗುರು. 1811ರ ನವೆಂಬರಿನಲ್ಲಿ ಟಿಪ್ಪೆಕನೂ ಕಾಳಗದ ಬಳಿಕ ಅವರ ಊರು ಸುಟ್ಟುಹೋಯಿತು. 1813ರ ಅಕ್ಟೋಬರ್ 5ರಂದು ಟೆಕಮ್ಸೆ ಥೇಮ್ಸ್ ಕಾಳಗದಲ್ಲಿ ಮಡಿದ. 1830ರ ತೆರವು ಕಾಯಿದೆಯ ನಂತರ ಉಳಿದವರೂ ಮಿಸಿಸಿಪ್ಪಿಯಾಚೆ ಹೊರಡಬೇಕಾಯಿತು.

ವಾಗ್ರಿಗಳ ಜೊತೆ ಯಾರೂ ಒಪ್ಪಂದ ಮಾಡಿಕೊಳ್ಳಲಿಲ್ಲ. ಅವರಿಂದ ಕಿತ್ತುಕೊಂಡದ್ದು ಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬಲೆ, ಬಂದೂಕು, ನರಿ, ಗೌಜಲಹಕ್ಕಿ ಎಲ್ಲವೂ ಅಪರಾಧದ ಸಾಕ್ಷಿಗಳಾದವು. ಕಾಡು ಮತ್ತು ಪ್ರಾಣಿಗಳ ಉಳಿವಿಗೆ ಕಾಯಿದೆ ಅಗತ್ಯವಾಗಿತ್ತು, ನಿಜ. ಆದರೆ ಬೇಟೆಯೇ ಜೀವನವಾಗಿದ್ದವರಿಗೆ ಬದಲಿ ಬದುಕನ್ನು ಅದು ತೋರಿಸಲಿಲ್ಲ.

ಬದಲಿಯನ್ನು ಅವರೇ ಹುಡುಕಿಕೊಂಡರು. ಪ್ಯಾರೀಸ್ ಕಾರ್ನರಿನ ಹಿಂದಿನ ಜಾರ್ಜ್‌ಟೌನ್ ಓಣಿಗಳು ಸಗಟು ವ್ಯಾಪಾರಕ್ಕೆ ಹೆಸರಾದವು. ಅಂಥ ಪೇಟೆಗಳಲ್ಲಿ ಮಣಿ ಕೊಂಡು, ಪೋಣಿಸಿ, ದೇವಸ್ಥಾನ, ಬಸ್ ನಿಲ್ದಾಣ, ಜಾತ್ರೆಗಳಲ್ಲಿ ಮಾರುವುದು ನರಿಕುರವರ ಮುಖ್ಯ ದುಡಿಮೆಯಾಯಿತು. ಹೆಂಗಸು ದಾರದ ಒಂದು ತುದಿಯನ್ನು ಕಾಲ್ಬೆರಳಿಗೆ ಸುತ್ತಿ ಬಿಗಿಹಿಡಿದು, ಮಣಿಗಳನ್ನು ಸೂಜಿಗೆ ಸಾಲಾಗಿ ಏರಿಸಿ ಒಮ್ಮೆಗೇ ಕೆಳಗಿಳಿಸುತ್ತಾಳೆ. ಗಿರಾಕಿ ಚೌಕಾಸಿ ಮಾಡುವಾಗಲೂ ಕೈ ನಿಲ್ಲುವುದಿಲ್ಲ. ತಮಿಳುನಾಡಿನಲ್ಲಿ ‘ಊಸಿಮಣಿ, ಪಾಸಿಮಣಿ’ ಎಂಬ ಕೂಗು ಕೇಳಿದರೆ ಮಾರುವವರು ಯಾರೆಂದು ಎಲ್ಲರಿಗೂ ಗೊತ್ತು.

ಕರ್ನಾಟಕದಲ್ಲಿ ಹಾಸನ, ಮೈಸೂರು, ಶಿವಮೊಗ್ಗ, ದಾವಣಗೆರೆ, ಕೋಲಾರ ಜಿಲ್ಲೆಗಳ ಕಾಲೊನಿಗಳಲ್ಲಿ ಹಕ್ಕಿಪಿಕ್ಕಿಗಳು ನೆಲೆಸಿದ್ದಾರೆ. 2011ರ ಜನಗಣತಿಯಲ್ಲಿ ಅವರ ಸಂಖ್ಯೆ 11,892. ಹುಣಸೂರಿನ ಪಕ್ಷಿರಾಜಪುರದಂಥ ಊರುಗಳಿಂದ ತಲೆಗೂದಲ ಎಣ್ಣೆ, ಗಿಡಮೂಲಿಕೆ ವ್ಯಾಪಾರ ದೇಶಾದ್ಯಂತ ಹಬ್ಬಿದೆ, ಆಫ್ರಿಕಾವನ್ನೂ ಮುಟ್ಟಿದೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಭುಗಿಲೆದ್ದಾಗ ಸಿಕ್ಕಿಹಾಕಿಕೊಂಡ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳಿದ್ದರು. ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ ತೆರವು ಕಾರ್ಯಾಚರಣೆ ಅವರನ್ನು ಕರೆತಂದಿತು.

ಪಟ್ಟಿಯ ರಾಜಕಾರಣ

ಗಂಟು ಒಗ್ಗೂಡಿಸಿದ್ದನ್ನು ಪಟ್ಟಿ ಒಡೆಯಿತು. ಕರ್ನಾಟಕದಲ್ಲಿ ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡ. ಗಡಿ ದಾಟಿದರೆ ಅದೇ ಭಾಷೆಯ ಬಂಧು ದಶಕಗಳ ಕಾಲ ಪರಿಶಿಷ್ಟರ ಪಟ್ಟಿಯ ಹೊರಗೆ, ಹಿಂದುಳಿದ ವರ್ಗಗಳ ಸಾಲಿನಲ್ಲಿ. ತಮಿಳುನಾಡಿನ ನರಿಕುರವ, ಕುರುವಿಕಾರರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2022ರ ಡಿಸೆಂಬರಿನಲ್ಲಿ. ಅದಾಗಿ ಕೆಲವೇ ತಿಂಗಳಿಗೆ, 2023ರ ಮಾರ್ಚಿನಲ್ಲಿ, ಚೆನ್ನೈನ ಚಿತ್ರಮಂದಿರವೊಂದರ ಬಾಗಿಲಲ್ಲಿ ಟಿಕೆಟ್ ಕೈಯಲ್ಲಿದ್ದ ನರಿಕುರವ ಕುಟುಂಬವನ್ನು ತಡೆದದ್ದು ದೊಡ್ಡ ಸುದ್ದಿಯಾಯಿತು.

ಶಾನಿಗಳಿಗೂ ಹೀಗೇ ಆಯಿತು. ಇಂದು ಒಕ್ಲಹೋಮಾದಲ್ಲಿ ಅವರ ಮೂರು ಪ್ರತ್ಯೇಕ ಬುಡಕಟ್ಟು ಸರ್ಕಾರಗಳಿಗೆ ಅಮೆರಿಕ ಸರ್ಕಾರದ ಮಾನ್ಯತೆಯಿದೆ. ಅವುಗಳಲ್ಲಿ ಒಂದನ್ನು ಬಹುಕಾಲ ಚೆರೋಕಿಗಳ ಭಾಗವೆಂದು ಎಣಿಸಿ, 2000ದಲ್ಲಷ್ಟೇ ಬೇರೆಯೆಂದು ಒಪ್ಪಲಾಯಿತು. ಆ ಶಾನಿ ಸರ್ಕಾರ 2021ರಿಂದ 2030ರವರೆಗಿನ ಅವಧಿಯನ್ನು ತನ್ನ ಭಾಷೆಯ ದಶಕವೆಂದು ಸಾರಿ, ಕಲಿಕೆಗೆ ಹಣ ತೆಗೆದಿಟ್ಟಿದೆ.

ವಾಗ್ರಿ ಬೋಲಿಗೆ ತನ್ನದೇ ಲಿಪಿಯಿಲ್ಲ, ಅದನ್ನು ಆಡುವ ಮಕ್ಕಳು ಶಾಲೆಯಲ್ಲಿ ಕನ್ನಡವನ್ನೋ ತಮಿಳನ್ನೋ ಕಲಿಯುತ್ತಾರೆ. ಈ ಜನರ ಚರಿತ್ರೆಯನ್ನು ಒಂದೇ ರಾಜ್ಯದ ಗಡಿಯೊಳಗೆ ಬರೆದರೆ ಅದು ಅರ್ಧ ಚರಿತ್ರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬುಡಕಟ್ಟು ಅಧ್ಯಯನ ವಿಭಾಗವೂ ತಮಿಳುನಾಡಿನ ವಿಶ್ವವಿದ್ಯಾಲಯಗಳೂ ಜೊತೆಗೂಡಿ, ಸಮುದಾಯದ ವಿದ್ಯಾವಂತ ಯುವಕ ಯುವತಿಯರನ್ನೇ ಸಂಶೋಧಕರನ್ನಾಗಿಸಿ, ಪಕ್ಷಿರಾಜಪುರದಿಂದ ಪ್ಯಾರೀಸ್ ಕಾರ್ನರಿನವರೆಗಿನ ವಂಶಾವಳಿಗಳನ್ನು ದಾಖಲಿಸಬೇಕು. ವಂಶಾವಳಿ ಬಾಯಲ್ಲಿಟ್ಟುಕೊಂಡ ಹಿರಿಯರು ಇರುವಾಗಲೇ ಈ ಕೆಲಸ ಶುರುವಾಗಬೇಕು.