ಒಂಟಿ ಪಯಣಿಗರ ಚೀಲ: ದುಬೈ, ಅಬುಧಾಬಿಯ ಅಂಗಡಿಗಳಿಂದ ಮಧ್ಯ ಏಷ್ಯಾದ ಕಣಿವೆಗಳಿಗೆ

ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಪ್ರಯಾಣದ ಖರೀದಿ ಹೊಸತೇನಲ್ಲ. ರಜೆ ಹತ್ತಿರವಾದಾಗ ದೇರಾದ ನೈಫ್ ಪೇಟೆ, ಬರ್ ದುಬೈನ ಮೀನಾ ಬಜಾರ್, ಅಬುಧಾಬಿಯ ಮದೀನತ್ ಜಾಯೆದ್ ಸುತ್ತಿ, ಖರ್ಜೂರ, ಅತ್ತರು, ಹಾಲಿನ ಪುಡಿ, ಚಾಕೊಲೇಟುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಹಗ್ಗ ಬಿಗಿದು, ಮೇಲೆ ಹೆಸರು ಬರೆದು ಮಂಗಳೂರಿನ ವಿಮಾನ ಹತ್ತುವ ವಿದ್ಯೆ ಕರಾವಳಿಯ ಮನೆಮನೆಗೂ ಗೊತ್ತು. ಆ ಪೆಟ್ಟಿಗೆಯಲ್ಲಿರುವುದೆಲ್ಲ ಇತರರಿಗಾಗಿ ಕೊಂಡದ್ದು. ಅದನ್ನು ಹೊರುವುದು ತಳ್ಳುಗಾಡಿ, ಇಳಿಸಿಕೊಳ್ಳಲು ಮನೆಯವರು ಬಂದಿರುತ್ತಾರೆ. ತಿಂಗಳುಗಟ್ಟಲೆ ಒಬ್ಬರೇ ತಿರುಗಲು ಹೊರಟವರ ಚೀಲದ ಲೆಕ್ಕ ಇದಕ್ಕೆ ತದ್ವಿರುದ್ಧ. ಅದರಲ್ಲಿರುವುದೆಲ್ಲವನ್ನೂ ತಾವೇ ಬಳಸಬೇಕು, ತಾವೇ ಹೊರಬೇಕು, ಕೆಟ್ಟರೆ ತಾವೇ ಸರಿಪಡಿಸಿಕೊಳ್ಳಬೇಕು.

ಕಿರ್ಗಿಜ್‌ಸ್ತಾನ ಮತ್ತು ತಜಿಕಿಸ್ತಾನಗಳಲ್ಲಿ ಮೂರು ತಿಂಗಳು ಒಬ್ಬನೇ ಅಡ್ಡಾಡಲು ಅಬುಧಾಬಿಯಿಂದ ಸಿದ್ಧತೆ ನಡೆಸಿದಾಗ ನಾನು ಕಲೆಹಾಕಿದ ಮಾಹಿತಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬಿಷ್ಕೆಕ್, ಅಲ್ಮಾಟಿ, ತಾಷ್ಕೆಂಟ್‌ಗಳು ದುಬೈನಿಂದ ನಾಲ್ಕು ಗಂಟೆಯ ಆಸುಪಾಸಿನ ಹಾರಾಟ. ಹಾಗಾಗಿ ಕೊಲ್ಲಿಯಲ್ಲಿರುವ ನಮ್ಮವರು ಈಗ ಆ ದಿಕ್ಕಿಗೆ ಹೆಚ್ಚಾಗಿ ಮುಖಮಾಡುತ್ತಿದ್ದಾರೆ. ದುಬೈಯಲ್ಲಿ ಸಿಗದ ಸರಕಿಲ್ಲ ಎಂಬ ಮಾತು ನಿಜವೇ. ಆದರೆ ಇಲ್ಲಿನ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟವಾಗುವ ವಸ್ತುವೊಂದು ಮುಂದಿನ ಗಡಿಯಲ್ಲಿ ಮೊಕದ್ದಮೆಗೆ ಕಾರಣವಾಗಬಹುದು. ಒಂಟಿ ಪಯಣಿಗರು ಬೆಲೆಗಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನು.

ಖರೀದಿಗೂ ಮುಂಚೆ ದಿನಗಳ ಲೆಕ್ಕವಿದೆ. ಸಾಮಾನ್ಯ ಉದ್ಯೋಗ ವೀಸಾದಲ್ಲಿರುವವರು ಸತತ ಆರು ತಿಂಗಳಿಗೂ ಮೀರಿ ಎಮಿರೇಟ್ಸಿನ ಹೊರಗುಳಿದರೆ ಅವರ ವಾಸ್ತವ್ಯದ ಪರವಾನಗಿ ಅಮಾನ್ಯವಾಗುತ್ತದೆ. ಗೋಲ್ಡನ್ ವೀಸಾ ಉಳ್ಳವರಿಗೆ ಈ ಮಿತಿಯಿಲ್ಲ. ಚೀಲದ ಗಾತ್ರವನ್ನು ನಿರ್ಧರಿಸುವುದೂ ಈ ಮಿತಿಯೇ. ಜೂನ್‌ನಲ್ಲಿ ಹೊರಟು ಸೆಪ್ಟೆಂಬರಿನೊಳಗೆ ಮರಳುವವರಿಗೆ ಒಂದೇ ಋತುವಿನ ಉಡುಪು ಸಾಕು. ನವೆಂಬರಿನವರೆಗೆ ಎಳೆದರೆ ಚಳಿಗಾಲದ ಸರಂಜಾಮು ಪೂರ್ತಿ ಬೇಕು, ಚೀಲದ ಭಾರವೂ ಅದಕ್ಕೆ ತಕ್ಕಂತೆ ಏರುತ್ತದೆ.

ಅಂಗಡಿಗಳ ವಿಷಯಕ್ಕೆ ಬರೋಣ. ಬೆಂಗಳೂರಿಗರಿಗೆ ಚಿರಪರಿಚಿತವಾದ ಡೆಕಾತ್ಲಾನ್ ಇಲ್ಲಿಯೂ ಇದೆ. ಮಾಲ್ ಆಫ್ ದಿ ಎಮಿರೇಟ್ಸ್‌ನಲ್ಲಿರುವುದು ಚಾರಣಿಗರಿಗೆ ಹೆಚ್ಚು ಅನುಕೂಲ. ಶೇಖ್ ಜಾಯೆದ್ ರಸ್ತೆಯ ಟೈಮ್ಸ್ ಸ್ಕ್ವೇರ್ ಸೆಂಟರಿನಲ್ಲಿ ಅಡ್ವೆಂಚರ್ ಎಚ್‌ಕ್ಯೂ ಎಂಬ ಅಂಗಡಿಯಿದೆ. ಹಗ್ಗ, ಬೀಗ, ಕೊಕ್ಕೆ, ನೀರು ಹೊಗದ ಚೀಲಗಳಂಥ ಚಿಲ್ಲರೆ ಸಾಮಾನಿಗೆ 2004ರಲ್ಲಿ ಆರಂಭವಾದ, ಒಂದು ಕಿಲೋಮೀಟರಿಗೂ ಉದ್ದವಾದ ಡ್ರ್ಯಾಗನ್ ಮಾರ್ಟ್ ಸಾಕು. ಆದರೆ ಅಲ್ಲಿ ಒಂದು ಬೀಗಕ್ಕೆಂದು ಹೋದವರು ಇಡೀ ಸಂಜೆಯನ್ನು ಕಳೆದುಕೊಂಡು ಬರುತ್ತಾರೆ. ವಿದ್ಯುನ್ಮಾನ ಸಾಮಗ್ರಿಗೆ ಬರ್ ದುಬೈನ ಅಲ್ ಫಹೀದಿ ರಸ್ತೆ, ಅಬುಧಾಬಿಯಲ್ಲಿ ಇಂದಿಗೂ ಎಲ್ಲರೂ ಎಲೆಕ್ಟ್ರಾ ಎಂದೇ ಕರೆಯುವ ರಸ್ತೆ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಸತ್ವಾದ ದರ್ಜಿಗಳಿಂದ. ಚೀಲದ ಪಟ್ಟಿಗೆ ಇಮ್ಮಡಿ ಹೊಲಿಗೆ, ಪ್ಯಾಂಟಿನ ಒಳಮಗ್ಗುಲಿಗೆ ಪಾಸ್‌ಪೋರ್ಟ್ ಹಿಡಿಯುವ ಜೇಬು, ಜಿಪ್ಪಿನ ಬದಲಾವಣೆ ಇವನ್ನೆಲ್ಲ ಕಾದು ನಿಂತಿದ್ದಾಗಲೇ ಮಾಡಿಕೊಟ್ಟರು.

ಇಲ್ಲಿನ ಅಂಗಡಿಗಳ ಒಂದು ವೈಶಿಷ್ಟ್ಯವನ್ನು ಹೊಸಬರು ಗಮನಿಸುವುದಿಲ್ಲ. ಎಮಿರೇಟ್ಸಿನಲ್ಲಿ ಬಿಡಾರ ಹೂಡುವುದೆಂದರೆ ಚಳಿಗಾಲದಲ್ಲಿ ಕಾರಿನ ತುಂಬ ಸಾಮಾನು ಹೇರಿಕೊಂಡು ಮರಳುಗಾಡಿಗೆ ಹೋಗಿ ರಾತ್ರಿ ಕಳೆಯುವುದು. ಅದಕ್ಕೆ ತಕ್ಕಂತೆ ಇಲ್ಲಿ ಕ್ಯಾಂಪಿಂಗ್ ಎಂಬ ಫಲಕದಡಿ ಇರುವ ಸರಕಿನಲ್ಲಿ ಹೆಚ್ಚಿನದು ದೊಡ್ಡ ಗುಡಾರ, ಮಡಚುವ ಕುರ್ಚಿ, ಮಂಜುಗಡ್ಡೆ ಪೆಟ್ಟಿಗೆ, ಇದ್ದಿಲ ಒಲೆ. ಇವೆಲ್ಲ ಕಾರು ಹೊರಲೆಂದೇ ಮಾಡಿದವು. ಬೆನ್ನಿನ ಮೇಲೆ ಹೊರಬೇಕಾದವರು ಬೆಲೆಚೀಟಿಗೂ ಮುಂಚೆ ತೂಕದ ಚೀಟಿಯನ್ನು ಓದಬೇಕು. ಇಬ್ಬರು ಹೋದರೆ ಗುಡಾರವನ್ನು ಒಬ್ಬರು, ಒಲೆಯನ್ನು ಇನ್ನೊಬ್ಬರು ಹೊರುತ್ತಾರೆ. ಒಬ್ಬರೇ ಹೋದಾಗ ಗುಡಾರ, ಒಲೆ, ನೀರಿನ ಶೋಧಕ, ಔಷಧದ ಪೆಟ್ಟಿಗೆ ಎಲ್ಲವೂ ಒಂದೇ ಹೆಗಲಿಗೆ ಬೀಳುತ್ತವೆ. ಆದ್ದರಿಂದ ನಾನು ಪ್ರತಿಯೊಂದು ವಸ್ತುವನ್ನೂ ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಬರೆದುಕೊಂಡೆ. ಮೂರನ್ನು ಮಾತ್ರ ಎರಡೆರಡು ಇಟ್ಟುಕೊಂಡೆ: ತಲೆದೀಪ, ಬೆಂಕಿ ಹೊತ್ತಿಸುವ ಸಾಧನ, ಹಣದ ಕಾರ್ಡು. ಇವು ಕೈಕೊಟ್ಟರೆ ಎರವಲು ಕೊಡಲು ಜೊತೆಗಾರರಿರುವುದಿಲ್ಲ.

ತೆರಿಗೆಯ ಬಗ್ಗೆ ಒಂದೆರಡು ಮಾತು. 2018ರ ಜನವರಿ 1ರಿಂದ ಇಲ್ಲಿ ಶೇಕಡಾ 5ರ ಮೌಲ್ಯವರ್ಧಿತ ತೆರಿಗೆ ಜಾರಿಯಲ್ಲಿದೆ. ಅದನ್ನು ವಿಮಾನ ನಿಲ್ದಾಣದಲ್ಲಿ ಮರಳಿ ಪಡೆಯುವ ಸೌಲಭ್ಯ ಪ್ರವಾಸಿಗರಿಗೆ ಮಾತ್ರ, ಇಲ್ಲಿ ವಾಸಿಸುವ ನಮಗಿಲ್ಲ. ಊರಿನಿಂದ ಭೇಟಿಗೆ ಬಂದ ಬಂಧುಗಳು ತಮಗಾಗಿ ಏನಾದರೂ ಕೊಳ್ಳುವಾಗ ಬಿಲ್ ಮಾಡುವ ಹೊತ್ತಿನಲ್ಲೇ ಪಾಸ್‌ಪೋರ್ಟ್ ತೋರಿಸುವಂತೆ ನೆನಪಿಸಬಹುದು.

ಈಗ ಚಳಿಯ ಸರಕು. ಹೊರಗೆ 45 ಡಿಗ್ರಿ ಬಿಸಿಲು, ಒಳಗೆ ಹವಾನಿಯಂತ್ರಣ; ಇಂಥ ಜಾಗದಲ್ಲಿ ನಿಂತು ಸೊನ್ನೆಗೂ ಕೆಳಗಿನ ಚಳಿಯನ್ನು ಊಹಿಸುವುದು ಕಷ್ಟ. ಕಿರ್ಗಿಜ್‌ಸ್ತಾನದ ಸೋಂಗ್ ಕುಲ್ ಸರೋವರ ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿದ್ದು, ಜುಲೈ ತಿಂಗಳಲ್ಲಿಯೂ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ತಣ್ಣಗಾಗಬಲ್ಲದು. ಪಾಮೀರ್ ಹೆದ್ದಾರಿಯ ಅಕ್ ಬೈತಾಲ್ ಕಣಿವೆಮಾರ್ಗ 4,655 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮಲಗುಚೀಲ ತಪ್ಪಾದರೆ ರಾತ್ರಿಯ ನಿದ್ದೆಯಷ್ಟೇ ಅಲ್ಲ, ಜೀವವೇ ಅಪಾಯಕ್ಕೆ ಸಿಲುಕಬಹುದು.

ಮಲಗುಚೀಲದ ಮೇಲೆ ಸಾಮಾನ್ಯವಾಗಿ ಮೂರು ಉಷ್ಣತೆಗಳು ಮುದ್ರಿತವಾಗಿರುತ್ತವೆ. ಹಿಂದೆ ಇಎನ್ 13537 ಎಂದೂ ಈಗ ಐಎಸ್‌ಒ 23537 ಎಂದೂ ಕರೆಯಲಾಗುವ ಮಾನದಂಡದಿಂದ ಬಂದ ಅಂಕಿಗಳಿವು. ಮೊದಲನೆಯದು ಹಿತದ ಉಷ್ಣತೆ. ಸರಾಸರಿ ಮೈಕಟ್ಟಿನ ಹೆಂಗಸು ಆರಾಮವಾಗಿ ಮಲಗಬಲ್ಲ ಮಟ್ಟ. ಎರಡನೆಯದು ಮಿತಿಯ ಉಷ್ಣತೆ. ಸರಾಸರಿ ಮೈಕಟ್ಟಿನ ಗಂಡಸು ಮುದುಡಿಕೊಂಡು ರಾತ್ರಿ ದೂಡಬಲ್ಲ ಮಟ್ಟ. ಮೂರನೆಯದು ವಿಪರೀತದ ಉಷ್ಣತೆ. ಅದರ ಅರ್ಥ ಕೆಲವು ಗಂಟೆಗಳ ಕಾಲ ಪ್ರಾಣ ಉಳಿಯಬಹುದು ಎಂದಷ್ಟೇ. ದೇಹ ತಣ್ಣಗಾಗಿ ಹಾನಿಯಾಗುವ ಸಂಭವ ಆಗಲೂ ಇದೆ. ಅಂಗಡಿಯ ಫಲಕದಲ್ಲಿ ದಪ್ಪಕ್ಷರದಲ್ಲಿ ಮೆರೆಯುವುದು ಎಷ್ಟೋ ಸಲ ಈ ಕೊನೆಯ ಎರಡರಲ್ಲಿ ಒಂದು. ಕೊಳ್ಳುವವರು ಮೊದಲನೆಯದನ್ನಷ್ಟೇ ನೋಡಬೇಕು. ವರ್ಷಗಟ್ಟಲೆ ಕೊಲ್ಲಿಯ ಸೆಖೆಗೆ ಒಗ್ಗಿದ ಮೈಗಳಂತೂ ಅದರಲ್ಲೂ ನಾಲ್ಕೈದು ಡಿಗ್ರಿ ಹೆಚ್ಚು ಕಾಪು ಇಟ್ಟುಕೊಳ್ಳುವುದು ಲೇಸು. ಕೆಳಗೆ ಹಾಸುವ ಚಾಪೆಯನ್ನು ಅಗ್ಗದಲ್ಲಿ ಮುಗಿಸುವವರೂ ಇದ್ದಾರೆ. ಮೈಭಾರಕ್ಕೆ ಚೀಲದ ತಳದ ತುಪ್ಪುಳು ಅಮುಕಿಹೋಗುವುದರಿಂದ ನೆಲದ ಚಳಿಯನ್ನು ತಡೆಯುವುದು ಚಾಪೆ ಮಾತ್ರ. ಮಲೆನಾಡಿನ ಗದ್ದೆಮನೆಯಲ್ಲಿ ಹೊದೆಯುವುದಕ್ಕಿಂತ ಮೊದಲು ಹಾಸಲು ಕಂಬಳಿ ಕೇಳುತ್ತಿದ್ದ ನಮ್ಮ ಹಿರಿಯರಿಗೆ ಈ ಮಾನದಂಡ ಹೇಳಿಕೊಡಬೇಕಾಗಿರಲಿಲ್ಲ.

ಪರೀಕ್ಷೆಗೆ ಒಂದು ಸ್ಥಳವಿದೆ. 2005ರಿಂದ ಮಾಲ್ ಆಫ್ ದಿ ಎಮಿರೇಟ್ಸಿನೊಳಗಿರುವ ಸ್ಕೀ ದುಬೈನಲ್ಲಿ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿರುತ್ತದೆ. ಅವರು ಕೊಡುವ ಅಂಗಿಯನ್ನು ತೊಡದೆ, ನಾನು ಕೊಂಡ ಅಂಗಿಯನ್ನೇ ತೊಟ್ಟು ಒಂದು ಗಂಟೆ ಸುಮ್ಮನೆ ನಿಂತಿದ್ದೆ. ಮಕ್ಕಳು ಹಿಮದಲ್ಲಿ ಕುಣಿಯುತ್ತಿರುವಾಗ ಕಂಬದಂತೆ ನಿಂತವನನ್ನು ಜನ ವಿಚಿತ್ರವಾಗಿ ನೋಡಿದರೂ, ಕೈಗವಸು ಸಾಲದೆಂಬುದು ಅಲ್ಲಿಯೇ ತಿಳಿಯಿತು. ಗಾಳಿಯ ಹೊಡೆತ ಅಲ್ಲಿರುವುದಿಲ್ಲ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಪಾದರಕ್ಷೆಯನ್ನು ಸಂಜೆಯ ಹೊತ್ತು, ನಡೆದು ಪಾದ ಸ್ವಲ್ಪ ಊದಿರುವಾಗ ಕೊಳ್ಳಬೇಕು, ಕನಿಷ್ಠ ಎರಡು ತಿಂಗಳು ಮುಂಚೆ ಕೊಳ್ಳಬೇಕು. ಪಳಗಿಸಲು ಹತ್ತಾ, ಶೌಕಾ ಕಣಿವೆ, ಜಬಲ್ ಜೈಸ್ ಚೆನ್ನಾಗಿವೆ. ಆದರೆ ಅದು ಚಳಿಗಾಲದ ಮಾತು. ಬೇಸಗೆಯಲ್ಲಿ ಹಜರ್ ಬೆಟ್ಟಗಳಲ್ಲಿ ಒಬ್ಬರೇ ನಡೆಯುವುದು ಪ್ರಾಣಕ್ಕೆ ಎರವಾಗುವ ಸಾಹಸ. ಜೂನ್‌ನಲ್ಲಿ ಹೊರಡುವವರಿಗೆ ತಮ್ಮ ಕಟ್ಟಡದ ಮೆಟ್ಟಿಲುಗಳೇ ಬೆಟ್ಟ.

ವಿದ್ಯುತ್ ಉಪಕರಣಗಳಲ್ಲಿ ಮೂರು ವಿಷಯಗಳಿವೆ. ಎಮಿರೇಟ್ಸಿನಲ್ಲಿ ಮಾರುವ ಚಾರ್ಜರುಗಳಿಗೆ ಸಾಮಾನ್ಯವಾಗಿ ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ಕಡ್ಡಿಗಳಿರುತ್ತವೆ. ಮಧ್ಯ ಏಷ್ಯಾದ ಗೋಡೆಗಳಲ್ಲಿರುವುದು ಎರಡು ದುಂಡು ತೂತು. ಪರಿವರ್ತಕ ಮರೆತರೆ ಮೊದಲ ರಾತ್ರಿಯೇ ಪರದಾಟ.

ಪವರ್ ಬ್ಯಾಂಕನ್ನು ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಇಡುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್ ಅವರ್ ಎಂಬುದು ಸಾಮಾನ್ಯ ಮಿತಿ. ಮಿಲಿ ಆಂಪಿಯರ್ ಅಂಕಿಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. 20,000ದ್ದು 74 ಆಗುತ್ತದೆ. 2025ರ ಅಕ್ಟೋಬರ್ 1ರಿಂದ ಎಮಿರೇಟ್ಸ್ ವಿಮಾನಗಳಲ್ಲಿ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್, ಅದನ್ನೂ ಹಾರಾಟದಲ್ಲಿ ಬಳಸುವಂತಿಲ್ಲ. ಸಾಮರ್ಥ್ಯ ಮುದ್ರಿತವಾಗಿಲ್ಲದ ಅಥವಾ ಅಕ್ಷರ ಅಳಿಸಿಹೋದ ಪೆಟ್ಟಿಗೆಯನ್ನು ಭದ್ರತಾ ಸಿಬ್ಬಂದಿ ಕಿತ್ತುಕೊಂಡರೆ ವಾದಿಸಿ ಫಲವಿಲ್ಲ. ಪೇಟೆಯ ಅಗ್ಗದ ಮಾಲನ್ನು ಕೈಯಲ್ಲಿ ತೂಗಿ ನೋಡಿ: ನಿಜವಾದ 20,000ದ್ದು ಸಾಮಾನ್ಯವಾಗಿ ಮುನ್ನೂರು ಗ್ರಾಮಿಗಿಂತ ಹಗುರವಾಗಿರುವುದಿಲ್ಲ.

ಮೂರನೆಯದು ಮೊಬೈಲ್. 2025ರಲ್ಲಿ ಬಂದ ಐಫೋನ್ 17 ಸರಣಿಯಲ್ಲಿ ಎಮಿರೇಟ್ಸಿನಲ್ಲಿ ಮಾರಾಟವಾಗುವ ಮಾದರಿಗೆ ಸಿಮ್ ಕಾರ್ಡ್ ಹಾಕುವ ಕಿಂಡಿಯೇ ಇಲ್ಲ. ಇ-ಸಿಮ್ ಒಂದೇ ಗತಿ. ಹಳ್ಳಿಯ ಅಂಗಡಿಯಲ್ಲಿ ಸ್ಥಳೀಯ ಕಾರ್ಡು ಕೊಂಡು ಸಿಕ್ಕಿಸುವ ಯೋಜನೆಯಿದ್ದರೆ ಕಿಂಡಿಯಿರುವ ಹಳೆಯ ಫೋನನ್ನು ಮಾರದೆ ಇಟ್ಟುಕೊಳ್ಳುವುದೇ ಜಾಣತನ.

ಕಣಿವೆಯ ಒಳಗೆ ಯಾವ ಸಿಮ್ಮಿಗೂ ಸಂಕೇತ ಸಿಗದ ಜಾಗಗಳಿವೆ. ಅಲ್ಲಿ ಕಾಲು ಮುರಿದರೆ ಓಡಿಹೋಗಿ ಸುದ್ದಿ ಮುಟ್ಟಿಸುವ ಜೊತೆಗಾರರು ಒಂಟಿ ಪಯಣಿಗರಿಗಿಲ್ಲ. ಅದಕ್ಕಾಗಿ ಉಪಗ್ರಹ ಸಂದೇಶಕವನ್ನು ಕೊಳ್ಳುತ್ತಾರೆ. ಗಾರ್ಮಿನ್ ಕಂಪನಿಯ ಇನ್‌ರೀಚ್ ಬಳಸುವುದು ಇರಿಡಿಯಂ ಜಾಲವನ್ನು; ಅದರ 66 ಉಪಗ್ರಹಗಳು ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಸದಾ ಸುತ್ತುತ್ತಿರುವುದರಿಂದ ಇಕ್ಕಟ್ಟಾದ ಕಣಿವೆಯಲ್ಲಿಯೂ ಸ್ವಲ್ಪ ಕಾದರೆ ಒಂದಲ್ಲ ಒಂದು ತಲೆಯ ಮೇಲೆ ಹಾಯುತ್ತದೆ. 1997ರಲ್ಲಿ ಎಮಿರೇಟ್ಸಿನಲ್ಲೇ ಹುಟ್ಟಿದ ಥುರಾಯಾದ ಉಪಗ್ರಹಗಳು ಸಮಭಾಜಕದ ಮೇಲೆ ಸ್ಥಿರವಾಗಿ ನಿಂತವು. ಮಧ್ಯ ಏಷ್ಯಾದಿಂದ ಅವನ್ನು ಮುಟ್ಟಲು ದಕ್ಷಿಣದ ಆಕಾಶ ತೆರೆದಿರಬೇಕು, ಎದುರಿಗೆ ಬೆಟ್ಟವಿದ್ದರೆ ಫೋನು ಮೂಕ. ಈ ಕಾರಣಕ್ಕೆ ನಾನು ಮೊದಲನೆಯದನ್ನು ಆರಿಸಿಕೊಂಡೆ.

ಆದರೆ ಇವೆರಡನ್ನೂ ಭಾರತಕ್ಕೆ ಒಯ್ಯಬಾರದು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ದೀರ್ಘ ಪ್ರವಾಸದ ಕೊನೆಗೆ ಊರಿಗೆ ಹೋಗಿ ಅಮ್ಮನ ಕೈಯಡುಗೆ ಉಂಡು ಬರುವ ಯೋಜನೆ ನಮ್ಮಲ್ಲಿ ಹಲವರಿಗಿರುತ್ತದೆ. 2008ರ ಮುಂಬಯಿ ದಾಳಿಯಲ್ಲಿ ಉಪಗ್ರಹ ಫೋನಿನ ಬಳಕೆಯಾಗಿತ್ತು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಥುರಾಯಾ, ಇರಿಡಿಯಂ ಸಾಧನಗಳನ್ನು ಇಟ್ಟುಕೊಳ್ಳುವುದೂ ಬಳಸುವುದೂ ಅಪರಾಧ. ಸಂದೇಶವಷ್ಟೇ ಕಳಿಸುವ ಅಂಗೈಯಗಲದ ಇನ್‌ರೀಚ್ ಕೂಡ ಈ ನಿಯಮದ ವ್ಯಾಪ್ತಿಗೆ ಬರುತ್ತದೆ. 2024ರ ಡಿಸೆಂಬರಿನಲ್ಲಿ ಗೋವಾದ ವಿಮಾನ ನಿಲ್ದಾಣದಲ್ಲಿ ಇಂಥ ಸಾಧನವಿದ್ದ ವಿದೇಶಿ ಪ್ರವಾಸಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಆಫ್ ಮಾಡಿ ಚೀಲದ ತಳದಲ್ಲಿ ಇಟ್ಟಿದ್ದೆ ಎನ್ನುವುದು ಸಮರ್ಥನೆಯಾಗದು. ನಾನು ಬಿಷ್ಕೆಕ್‌ನಿಂದ ನೇರವಾಗಿ ಊರಿಗೆ ಹೋಗದೆ ಅಬುಧಾಬಿಗೆ ಮರಳಿ, ಸಾಧನವನ್ನು ಮನೆಯಲ್ಲಿಟ್ಟು, ಆಮೇಲೆ ಮಂಗಳೂರಿಗೆ ಹೊರಟದ್ದು ಇದೊಂದೇ ಕಾರಣಕ್ಕೆ. ಟಿಕೆಟಿಗೆ ಹೆಚ್ಚು ಹಣ ಹೋಯಿತು, ಹೋಗಲಿ.

ಡ್ರೋನ್ ವಿಷಯವೂ ಇಂಥದ್ದೇ. ದುಬೈನ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಉಜ್ಬೇಕಿಸ್ತಾನಕ್ಕೆ ಅದನ್ನು ಪರವಾನಗಿಯಿಲ್ಲದೆ ಒಯ್ಯುವಂತಿಲ್ಲ. ಭಾರತವೂ 2022ರ ಫೆಬ್ರುವರಿಯಲ್ಲಿ ವಿದೇಶಿ ಡ್ರೋನುಗಳ ಆಮದನ್ನು ನಿಷೇಧಿಸಿದೆ. ಮೂರು ನಾಲ್ಕು ಗಡಿ ದಾಟುವವರು ಇದನ್ನು ಪಟ್ಟಿಯಿಂದ ಹೊಡೆದುಹಾಕುವುದು ನೆಮ್ಮದಿ.

ಔಷಧದಲ್ಲಿ ನಮ್ಮವರದೊಂದು ಅಭ್ಯಾಸವಿದೆ: ಊರಿನಿಂದ ಬರುವವರ ಕೈಯಲ್ಲಿ ಕೆಮ್ಮಿನ ಔಷಧಿ, ನೋವಿನ ಮಾತ್ರೆ ತರಿಸಿಕೊಂಡು ಡಬ್ಬಿಯಲ್ಲಿ ಸೇರಿಸಿಡುವುದು. ಆ ಡಬ್ಬಿಯನ್ನೇ ಎತ್ತಿ ಚೀಲಕ್ಕೆ ಹಾಕಬಾರದು. ಕೋಡೀನ್ ಇರುವ ಸಿರಪ್ಪು, ಟ್ರಮಡಾಲ್ ಮಾತ್ರೆಗಳು ಎಮಿರೇಟ್ಸಿನಲ್ಲಿಯೂ ಉಜ್ಬೇಕಿಸ್ತಾನದಲ್ಲಿಯೂ ನಿಯಂತ್ರಿತ ವಸ್ತುಗಳು. ಇಲ್ಲಿನ ವೈದ್ಯರಿಂದ ಚೀಟಿ ಬರೆಸಿಕೊಂಡು, ಇಲ್ಲಿನ ಔಷಧದಂಗಡಿಯಲ್ಲಿ ಕೊಂಡು, ಮೂಲ ಪೊಟ್ಟಣದಲ್ಲೇ ಚೀಟಿಯ ಸಮೇತ ಒಯ್ಯಬೇಕು. ಎತ್ತರದ ಜಾಗದ ತಲೆಸುತ್ತಿಗೆ ಕೊಡುವ ಅಸಿಟಜೋಲಮೈಡ್ ತಮಗೆ ಒಗ್ಗುತ್ತದೆಯೇ ಎಂಬುದನ್ನೂ ಆ ವೈದ್ಯರನ್ನೇ ಕೇಳಬಹುದು. ಹಿಂತಿರುಗುವಾಗಲೂ ಎಚ್ಚರ ಬೇಕು. ಪಾಯಸಕ್ಕೆಂದು ನಾವು ಬಳಸುವ ಗಸಗಸೆ ಎಮಿರೇಟ್ಸಿನಲ್ಲಿ ನಿಷಿದ್ಧ. ಅದನ್ನು ಮಾರುವ ಯಾವ ದೇಶದ ಸಂತೆಯಿಂದಲೂ ಚಿಟಿಕೆಯಷ್ಟನ್ನೂ ತರಬಾರದು.

ಬುತ್ತಿಗೆ ಕರಾಮಾದ ಅಂಗಡಿಗಳಲ್ಲಿ ತೆಳು ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ ಸಿಗುತ್ತವೆ. ಸಸ್ಯಾಹಾರಿಗಳಿಗೆ ಕುರಿಮಾಂಸದ ನಾಡಿನಲ್ಲಿ ಇವೇ ಆಸರೆ. ಒಲೆಯ ತಲೆಯನ್ನು ಶುಚಿಮಾಡಿ ಒಯ್ಯಬಹುದು, ಅನಿಲದ ಡಬ್ಬಿಯನ್ನು ಮಾತ್ರ ಯಾವ ವಿಮಾನವೂ ಒಪ್ಪದು. ಅದನ್ನು ಬಿಷ್ಕೆಕ್‌ನಲ್ಲಿ ಇಳಿದ ಮೇಲೆ ಕೊಳ್ಳಬೇಕು. ಉಣ್ಣೆಯ ಕಾಲುಚೀಲವನ್ನೂ ನಾನು ದುಬೈನಲ್ಲಿ ಕೊಳ್ಳಲಿಲ್ಲ. ಬಿಷ್ಕೆಕ್‌ನ ಓಶ್ ಬಜಾರಿನಲ್ಲಿ ಕೈಹೆಣಿಗೆಯ ದಪ್ಪ ಕಾಲುಚೀಲಗಳು ಮಾರಾಟಕ್ಕಿರುತ್ತವೆ, ಆ ಚಳಿಯನ್ನು ಬಲ್ಲವರೇ ಹೆಣೆದವು.